12 ವಾರ ಪುಡಿ, ಆಮೇಲೆ ಮುದ್ದೆ: ಇಂಗ್ಲೆಂಡಿನ ‘ಪಾತ್ ಟು ರಿಮಿಷನ್’ ಸೇವೆಯ ವಿಮರ್ಶೆ

ಟೈಪ್ 2 ಸಕ್ಕರೆ ಕಾಯಿಲೆ ಇರುವವರಿಗೆ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ, ಅಂದರೆ ಎನ್‌ಎಚ್‌ಎಸ್, ಹೀಗೊಂದು ಕಾರ್ಯಕ್ರಮ ನಡೆಸುತ್ತಿದೆ: 12 ವಾರ ಊಟ, ತಿಂಡಿ ಎರಡೂ ಬಂದ್. ಅದರ ಬದಲು ಪುಡಿ ಕಲಸಿದ ಶೇಕ್, ಸೂಪು, ಜೊತೆಗೆ ಬಾರ್. ದಿನಕ್ಕೆ ಒಟ್ಟು 800ರಿಂದ 900 ಕ್ಯಾಲೊರಿ. ಆಮೇಲೆ ಕೆಲವು ವಾರ ಊಟವನ್ನು ಒಂದೊಂದಾಗಿ ವಾಪಸು ತರುವುದು, ಒಟ್ಟು ಒಂದು ವರ್ಷ ಕೋಚ್ ಒಬ್ಬರ ಸಂಪರ್ಕದಲ್ಲಿರುವುದು. ಪುಡಿಗೂ ಕೋಚ್‌ಗೂ ನಯಾಪೈಸೆ ಕೊಡಬೇಕಾಗಿಲ್ಲ. 2020ರ ಸೆಪ್ಟೆಂಬರಿನಲ್ಲಿ 10 ಕಡೆ ಪ್ರಯೋಗವಾಗಿ ಶುರುವಾದದ್ದು ಈಗ ಇಡೀ ಇಂಗ್ಲೆಂಡಿಗೆ ಹಬ್ಬಿದೆ. ಅಲ್ಲಿರುವ ಕನ್ನಡಿಗರಿಗೆ ಇದು ಜಿಪಿ, ಅಂದರೆ ಅಲ್ಲಿನ ಕುಟುಂಬ ವೈದ್ಯರ ಮೂಲಕ ನೇರವಾಗಿ ಸಿಗುತ್ತದೆ. ಇಲ್ಲಿ ಕರ್ನಾಟಕದಲ್ಲಿ ಮೆಡಿಕಲ್ ಶಾಪಿನಿಂದ ಡಬ್ಬಿ ತಂದು ಅದನ್ನೇ ಮನೆಯಲ್ಲಿ ಮಾಡಿಕೊಳ್ಳಲು ಹೊರಡುವವರೂ ಇದ್ದಾರೆ. ಇಬ್ಬರಿಗೂ ಒಂದು ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಸೇವೆಯಲ್ಲಿ ಪುಡಿ ಸುಲಭದ ಭಾಗ. ಮೊದಲ ದಿನವೇ ಮಾತ್ರೆಗಳನ್ನು ಲೆಕ್ಕ ಹಾಕಿ ನಿಲ್ಲಿಸುವುದು ಮತ್ತು 13ನೇ ವಾರದಿಂದ ತಟ್ಟೆಗೆ ಏನು ಬೀಳುತ್ತದೆ ಅನ್ನುವುದು, ಫಲಿತಾಂಶ ನಿಂತಿರುವುದು ಇವೆರಡರ ಮೇಲೆ.

ಇದರ ಬೇರು ನ್ಯೂಕಾಸಲ್ ವಿಶ್ವವಿದ್ಯಾಲಯದಲ್ಲಿದೆ. 2011ರಲ್ಲಿ ರಾಯ್ ಟೇಲರ್ ಅವರ ತಂಡ 11 ಮಂದಿಗೆ 8 ವಾರ ಇಂಥ ಆಹಾರ ಕೊಟ್ಟಾಗ, ಒಂದೇ ವಾರದಲ್ಲಿ ಬೆಳಗಿನ ಬರಿಹೊಟ್ಟೆಯ ಶುಗರ್ ಸಹಜಕ್ಕೆ ಇಳಿದಿತ್ತು. ಕಾರಣ ಪುಡಿಯೊಳಗಿನ ಯಾವುದೋ ಔಷಧಿಯಲ್ಲ. ಯಕೃತ್ತಿನಲ್ಲಿ ತುಂಬಿಕೊಂಡ ಕೊಬ್ಬು ಮೊದಲು ಕರಗುತ್ತದೆ, ಆಗ ಯಕೃತ್ತು ರಾತ್ರಿಯಿಡೀ ರಕ್ತಕ್ಕೆ ಸಕ್ಕರೆ ಸುರಿಯುವುದನ್ನು ನಿಲ್ಲಿಸುತ್ತದೆ. ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಯ ಕೊಬ್ಬು ನಿಧಾನಕ್ಕೆ, ವಾರಗಳ ಲೆಕ್ಕದಲ್ಲಿ ಇಳಿಯುತ್ತದೆ. ಆಮೇಲೆ ಇನ್ಸುಲಿನ್ ಮತ್ತೆ ಸರಿಯಾದ ಹೊತ್ತಿಗೆ ಬರತೊಡಗುತ್ತದೆ. ಕಾಯಿಲೆ ಹಳೆಯದಾದಷ್ಟೂ ಈ ಎರಡನೇ ಭಾಗ ಕೈಕೊಡುತ್ತದೆ. ಕಾಯಿಲೆ ಪತ್ತೆಯಾಗಿ 6 ವರ್ಷ ದಾಟಿದವರನ್ನು ಎನ್‌ಎಚ್‌ಎಸ್ ಸೇರಿಸಿಕೊಳ್ಳದಿರುವುದು ಇದಕ್ಕೇ.

ದೊಡ್ಡ ಪರೀಕ್ಷೆ ಅಂದರೆ ಸ್ಕಾಟ್ಲೆಂಡ್ ಮತ್ತು ಟೈನ್‌ಸೈಡ್‌ನ ಜಿಪಿ ಕ್ಲಿನಿಕ್‌ಗಳಲ್ಲಿ ನಡೆದ ‘ಡೈರೆಕ್ಟ್’. 2017ರಲ್ಲಿ ಬಂದ ಮೊದಲ ವರ್ಷದ ಫಲಿತಾಂಶದಲ್ಲಿ ಪುಡಿ ಆಹಾರದ ಗುಂಪಿನ 46% ಮಂದಿಗೆ ರಿಮಿಷನ್ ಸಿಕ್ಕಿತ್ತು, ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ 4%. ಅಲ್ಲಿ ರಿಮಿಷನ್ ಅಂದರೆ ಮಾತ್ರೆಗಳೆಲ್ಲ ನಿಂತು ಕನಿಷ್ಠ ಎರಡು ತಿಂಗಳಾದ ಮೇಲೂ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 6.5%ಗಿಂತ ಕೆಳಗಿರುವುದು. 2021ರಲ್ಲಿ ಅಂತರರಾಷ್ಟ್ರೀಯ ತಜ್ಞರು ಈ ಅವಧಿಯನ್ನು ಮೂರು ತಿಂಗಳು ಮಾಡಿದರು. ತೂಕಕ್ಕೂ ಫಲಕ್ಕೂ ಎಂಥ ನಂಟು ನೋಡಿ: 15 ಕೆ.ಜಿ. ಅಥವಾ ಹೆಚ್ಚು ಇಳಿಸಿದವರಲ್ಲಿ 86% ಮಂದಿಗೆ ರಿಮಿಷನ್, 5ರಿಂದ 10 ಕೆ.ಜಿ. ಇಳಿಸಿದವರಲ್ಲಿ 34%, ತೂಕ ಏರಿದವರಲ್ಲಿ ಒಬ್ಬರಿಗೂ ಇಲ್ಲ. ಎರಡನೇ ವರ್ಷಕ್ಕೆ 46% ಇದ್ದದ್ದು 36%ಗೆ ಇಳಿಯಿತು. ಐದು ವರ್ಷ ಬೆಂಬಲದಲ್ಲೇ ಮುಂದುವರಿದ ಗುಂಪಿನಲ್ಲಿ ರಿಮಿಷನ್‌ನಲ್ಲಿ ಉಳಿದವರು 13%. ಪುಡಿ ಮಾರುವವರ ಜಾಹೀರಾತಿನಲ್ಲಿ 46 ಕಾಣುತ್ತದೆ, 13 ಕಾಣುವುದಿಲ್ಲ.

ಪರೀಕ್ಷೆಯೇ ಬೇರೆ, ದಿನನಿತ್ಯದ ಸೇವೆಯೇ ಬೇರೆ. ಎನ್‌ಎಚ್‌ಎಸ್ ಕಾರ್ಯಕ್ರಮದ ಮೊದಲ ಒಂದು ವರ್ಷದ ಲೆಕ್ಕ 2024ರಲ್ಲಿ ಪ್ರಕಟವಾಯಿತು. ಪುಡಿ ಶುರು ಮಾಡಿದ 1,740 ಮಂದಿಯಲ್ಲಿ ಕೊನೆಯವರೆಗೆ ಬಂದವರು ಸುಮಾರು 55%. ಸರಿಯಾದ ಎರಡು ರಕ್ತಪರೀಕ್ಷೆಯ ದಾಖಲೆ ಇದ್ದವರಲ್ಲಿ 27% ಮಂದಿಗೆ ರಿಮಿಷನ್, ಕಾರ್ಯಕ್ರಮ ಮುಗಿಸಿದವರಲ್ಲಿ 32%. ನಮ್ಮ ಮಟ್ಟಿಗೆ ಇದು ಪ್ರಾಮಾಣಿಕ ಅಂಕಿ. ಬಿಟ್ಟಿ ಸಿಗುವ ಸೇವೆಯೊಂದು ನಾಲ್ವರಲ್ಲಿ ಒಬ್ಬರಿಗೆ ಮಾತ್ರೆ ಬಿಡಿಸಿದರೆ ಅದು ಸಣ್ಣ ಸಾಧನೆಯಲ್ಲ. ಆದರೆ ಅರ್ಧದಷ್ಟು ಮಂದಿ ನಡುವೆಯೇ ಕೈಬಿಡುತ್ತಾರೆ ಅನ್ನುವುದನ್ನು ತಿಳಿದೇ ಸೇರಬೇಕು.

ಯಾರಿಗೆ ಸಿಗುತ್ತದೆ? ವಯಸ್ಸು 18ರಿಂದ 65, ಕಾಯಿಲೆ ಪತ್ತೆಯಾಗಿ 6 ವರ್ಷದೊಳಗೆ, ಇನ್ಸುಲಿನ್ ತೆಗೆದುಕೊಳ್ಳದವರು. ಬಿಳಿಯರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಕನಿಷ್ಠ 27, ನಮ್ಮಂಥ ಏಷ್ಯನ್ನರಿಗೆ 25. ಅಂದರೆ 165 ಸೆಂ.ಮೀ. ಎತ್ತರದ ಕನ್ನಡಿಗರಿಗೆ 68 ಕೆ.ಜಿ. ಇದ್ದರೂ ಸಾಕು, ಬಿಳಿಯರಾದರೆ ಅದೇ ಎತ್ತರಕ್ಕೆ 73.5 ಬೇಕು. ಜಿಪಿ ಕ್ಲಿನಿಕ್ಕಿನ ಸಿಬ್ಬಂದಿ ಕೆಲವೊಮ್ಮೆ 27 ಅನ್ನೇ ಹಿಡಿದು ‘ನಿಮಗೆ ಬರಲ್ಲ’ ಅಂದುಬಿಡುತ್ತಾರೆ. ಆಗ ‘ಏಷ್ಯನ್ನರಿಗೆ 25’ ಅಂತ ನೆನಪಿಸಬೇಕು. ಮಾತ್ರೆ ತೆಗೆದುಕೊಳ್ಳುತ್ತಿರುವವರ ಎಚ್‌ಬಿಎ1ಸಿ ಅಲ್ಲಿನ ಅಳತೆಯಲ್ಲಿ 43ರಿಂದ 87ರೊಳಗಿರಬೇಕು, ತೆಗೆದುಕೊಳ್ಳದವರದ್ದು 48ರಿಂದ 87. ನಮ್ಮ ಲ್ಯಾಬ್ ಲೆಕ್ಕದಲ್ಲಿ 43 ಅಂದರೆ 6.1%, 48 ಅಂದರೆ 6.5%, 87 ಅಂದರೆ 10.1%. ಗರ್ಭಿಣಿಯರು, ಹಾಲೂಡಿಸುವವರು, ಇತ್ತೀಚೆಗೆ ಹೃದಯಾಘಾತವಾದವರು, ಕಿಡ್ನಿ ತೀರಾ ಸೋತವರು, ತಿನ್ನುವ ವಿಚಾರದಲ್ಲಿ ಮಾನಸಿಕ ತೊಂದರೆ ಇರುವವರು ಇದರ ತಂಟೆಗೇ ಹೋಗಬಾರದು. ಕಣ್ಣಿನ ರೆಟಿನಾ ತಪಾಸಣೆ ಆಗಿರಲೇಬೇಕು ಅನ್ನುವ ಷರತ್ತೂ ಇದೆ, ಅದು ಕಾಟಾಚಾರದ್ದಲ್ಲ. ಬಹಳ ದಿನ ಏರಿಯೇ ಇದ್ದ ಸಕ್ಕರೆ ದಿಢೀರನೆ ಇಳಿದಾಗ, ಮೊದಲೇ ಹಾಳಾಗಿದ್ದ ರೆಟಿನಾ ಕೆಲಕಾಲ ಇನ್ನಷ್ಟು ಕೆಡಬಹುದು.

ಇನ್ನು ಮಾತ್ರೆ. ಈ ಸೇವೆಯ ಅತಿ ಗಟ್ಟಿ ಭಾಗ ಇದೇ, ಮನೆಯಲ್ಲಿ ತಾವೇ ಮಾಡಿಕೊಳ್ಳುವವರು ಬೀಳುವ ಗುಂಡಿಯೂ ಇದೇ. ಗ್ಲಿಮಿಪಿರೈಡ್, ಗ್ಲಿಕ್ಲಾಜೈಡ್ ಜಾತಿಯ ಮಾತ್ರೆಗಳು ಊಟ ಇರಲಿ ಬಿಡಲಿ ಇನ್ಸುಲಿನ್ ಹಿಂಡುತ್ತವೆ. 800 ಕ್ಯಾಲೊರಿಯ ದಿನ ಅವನ್ನು ನುಂಗಿದರೆ ಶುಗರ್ 70ರ ಕೆಳಗೆ ಹೋಗಿ ಕೈನಡುಕ, ಬೆವರು, ಕಣ್ಣು ಕತ್ತಲೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥವು ಮೂತ್ರದಲ್ಲಿ ಸಕ್ಕರೆ ಕಳಿಸುತ್ತವೆ. ಊಟ ಕಡಿಮೆಯಾದಾಗ ಇವುಗಳಿಂದ ರಕ್ತ ಆಮ್ಲೀಯವಾಗುವ ಕೀಟೊಅಸಿಡೋಸಿಸ್ ಅಪಾಯವಿದೆ, ಅದೂ ಶುಗರ್ ರೀಡಿಂಗ್ ಅಷ್ಟೇನೂ ಏರದೆ! ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ‘ಡಯಟ್‌ನಿಂದ ಸುಸ್ತು’ ಅಂತ ಮಲಗಬಾರದು, ಆಸ್ಪತ್ರೆಗೆ ಹೋಗಬೇಕು. ಈ ಎರಡು ಜಾತಿಯೂ ಪುಡಿಯ ಮೊದಲ ದಿನವೇ ನಿಲ್ಲಬೇಕು. ಬಿಪಿ ಮಾತ್ರೆಯನ್ನೂ ವೈದ್ಯರು ಅಂದೇ ತೂಗಿ ನೋಡುತ್ತಾರೆ. ಮೊದಲ ವಾರ ದೇಹದಿಂದ ಉಪ್ಪು, ನೀರು ಬಹಳ ಹೋಗುವುದರಿಂದ, ಹಳೆಯ ಡೋಸೇ ಮುಂದುವರಿದರೆ ಎದ್ದು ನಿಂತಾಗ ತಲೆ ತಿರುಗಿ ಬೀಳುವವರಿದ್ದಾರೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಿಗೆ, ಅದರ ಪರಿಣಾಮ ಅಳೆಯುವ ಐಎನ್‌ಆರ್ ಪರೀಕ್ಷೆ ಬೇಗ ಬೇಗ ಬೇಕು, ಪುಡಿಯಲ್ಲಿ ವಿಟಮಿನ್ ಕೆ ಇರುತ್ತದೆ.

ನಮ್ಮೂರಿನಲ್ಲಿ ಇದಕ್ಕೊಂದು ವಿಶೇಷ ತೊಡಕು. ಗ್ಲಿಮಿಪಿರೈಡ್ ಮತ್ತು ಮೆಟ್‌ಫಾರ್ಮಿನ್ ಒಂದೇ ಮಾತ್ರೆಯಲ್ಲಿ ಬೆರೆತು ಬರುವುದು ಇಲ್ಲಿ ತೀರಾ ಸಾಮಾನ್ಯ. ‘ನಾನು ಬರೀ ಮೆಟ್‌ಫಾರ್ಮಿನ್ ತಗೊಳ್ಳೋದು’ ಅನ್ನುವವರ ಸ್ಟ್ರಿಪ್ ತಿರುಗಿಸಿ ನೋಡಿದರೆ ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಗ್ಲಿಮಿಪಿರೈಡ್ 1 ಅಥವಾ 2 ಮಿ.ಗ್ರಾಂ. ಅಂತಿರುತ್ತದೆ. ಸ್ಟ್ರಿಪ್ಪಿನ ಹಿಂಬದಿ ಓದದೆ, ವೈದ್ಯರಿಗೆ ತೋರಿಸದೆ, ಒಂದು ಹೊತ್ತಿನ ಊಟವನ್ನೂ ಬಿಡಬೇಡಿ.

ಪುಡಿಯ ದಿನಚರಿಗೆ ಬರೋಣ. ಸಾಮಾನ್ಯವಾಗಿ ದಿನಕ್ಕೆ ನಾಲ್ಕು ಪೊಟ್ಟಣ, ಒಂದೊಂದು ಸುಮಾರು 200 ಕ್ಯಾಲೊರಿ. ಬೆಳಿಗ್ಗೆ 7.30, ಮಧ್ಯಾಹ್ನ 12, ಸಂಜೆ 4, ರಾತ್ರಿ 8 ಅಂತ ಹಂಚಿಕೊಂಡರೆ ಹಸಿವು ತಾಳಬಹುದು. ನೈಟ್ ಶಿಫ್ಟ್‌ನವರು ಗಡಿಯಾರ ಬಿಟ್ಟು, ಎದ್ದಾಗಿನಿಂದ ನಾಲ್ಕು ನಾಲ್ಕು ಗಂಟೆಗೆ ಎಣಿಸಿಕೊಳ್ಳಲಿ. ಶೇಕರ್‌ಗೆ ಮೊದಲು 200ರಿಂದ 250 ಮಿ.ಲೀ. ತಣ್ಣೀರು, ಆಮೇಲೆ ಪುಡಿ. ಪುಡಿ ಮೊದಲು ಹಾಕಿದರೆ ತಳದ ಮೂಲೆಯಲ್ಲಿ ಗಟ್ಟಿ ಕಟ್ಟಿ, ಕೊನೆಯ ಗುಟುಕಿಗೆ ಹಿಟ್ಟು ಬಾಯಿಗೆ ಬರುತ್ತದೆ. ಸೂಪಿಗೆ ಕುದಿಯುವ ನೀರು ಸುರಿಯುವುದು ಎಲ್ಲರೂ ಮಾಡುವ ತಪ್ಪು: ಹಾಲಿನ ಪ್ರೋಟೀನ್ ಒಡೆದ ಹಾಲಿನಂತೆ ಗಂಟುಗಂಟಾಗುತ್ತದೆ. ಎರಡು ಚಮಚ ತಣ್ಣೀರಲ್ಲಿ ಪೇಸ್ಟ್ ಮಾಡಿ, ಕುದಿ ಆರಿದ ಬಿಸಿನೀರನ್ನು ಸ್ವಲ್ಪಸ್ವಲ್ಪವೇ ಸೇರಿಸಿ ಕದಡಿದರೆ ನಯವಾಗಿ ಬರುತ್ತದೆ.

ರುಚಿ? ಚಾಕೊಲೇಟ್, ಕಾಫಿ ಶೇಕ್‌ಗಳು ನಡೆಯುತ್ತವೆ. ಸ್ಟ್ರಾಬೆರಿ, ವೆನಿಲಾದ ಸಿಹಿ ನಮ್ಮ ನಾಲಿಗೆಗೆ ಮೂರನೇ ವಾರಕ್ಕೆ ಅಸಹ್ಯ. ಸೂಪುಗಳು ಸಪ್ಪೆ, ಆದರೆ ಕಾಳುಮೆಣಸಿನ ಪುಡಿ, ಚಿಟಿಕೆ ಜೀರಿಗೆ ಪುಡಿ, ಹಸಿಮೆಣಸಿನ ಚೂರು, ನಾಲ್ಕು ಹನಿ ನಿಂಬೆರಸ ಹಾಕಿದರೆ ತಿಳಿಸಾರಿನ ದೂರದ ನೆಂಟನಂತಾದರೂ ಆಗುತ್ತದೆ. ಅದರಿಂದ ಕ್ಯಾಲೊರಿ ಏರುವುದಿಲ್ಲ. ಸಸ್ಯಾಹಾರಿಗಳು ಚಿಕನ್ ರುಚಿಯ ಸೂಪು, ಜೆಲಟಿನ್ ಇರುವ ಬಾರ್ ಬಗ್ಗೆ ಆರ್ಡರ್ ಮಾಡುವ ಮೊದಲೇ ಕೇಳಿಕೊಳ್ಳಬೇಕು. ಹಾಲು ಜೀರ್ಣವಾಗದವರಿಗೆ ಹೊಟ್ಟೆ ಉಬ್ಬರ ಖಚಿತ, ಲ್ಯಾಕ್ಟೋಸ್ ಇಲ್ಲದ ಪುಡಿ ಇದೆಯೇ ಅನ್ನುವುದನ್ನೂ ಆಗಲೇ ಕೇಳಿ. ಕಪ್ಪು ಕಾಫಿ, ಕಪ್ಪು ಚಹಾಕ್ಕೆ ಅಡ್ಡಿಯಿಲ್ಲ. ಫಿಲ್ಟರ್ ಕಾಫಿಗೆ ಅಡ್ಡಿಯಿದೆ: 100 ಮಿ.ಲೀ. ಗಟ್ಟಿ ಹಾಲು, ಎರಡು ಚಮಚ ಸಕ್ಕರೆ ಸೇರಿದರೆ ಲೋಟಕ್ಕೆ ಸುಮಾರು 100 ಕ್ಯಾಲೊರಿ. ದಿನಕ್ಕೆ ಮೂರು ಲೋಟ ಅಂದರೆ ಒಂದೂವರೆ ಪೊಟ್ಟಣ ಹೆಚ್ಚು ಕುಡಿದಂತೆ.

ನೀರು ಕನಿಷ್ಠ ಎರಡೂಕಾಲು ಲೀಟರ್. ಮೊದಲ ನಾಲ್ಕೈದು ದಿನ ತಲೆನೋವು, ಸಿಡುಕು, ಚಳಿ ಸಾಮಾನ್ಯ. ಮೊದಲ ವಾರ ಎರಡು ಮೂರು ಕೆ.ಜಿ. ಇಳಿದರೆ ಹಿಗ್ಗುವುದು ಬೇಡ, ಅದರಲ್ಲಿ ಬಹುಪಾಲು ನೀರು. ಎರಡನೇ ವಾರ ತೂಕದ ಮಾಪಕ ನಿಧಾನವಾದಾಗ ಕೈಬಿಡುವವರು ಈ ಒಂದು ವಿಷಯ ತಿಳಿಯದೆ ಕೈಬಿಡುತ್ತಾರೆ. ಮಲಬದ್ಧತೆ ಹೆಚ್ಚು ಕಡಿಮೆ ಎಲ್ಲರಿಗೂ ಬರುತ್ತದೆ, ಯಾಕೆಂದರೆ ಹೊಟ್ಟೆಗೆ ಹೋಗುವುದೇ ಅಷ್ಟು ಕಡಿಮೆ. ಮದ್ದು ನಮಗೆ ಗೊತ್ತಿರುವ ಇಸಬ್ಗೋಲೇ: 3.5 ಗ್ರಾಂನ ಒಂದು ಪೊಟ್ಟಣ ತುಂಬು ಲೋಟ ನೀರಿಗೆ ಹಾಕಿ, ಲೋಳೆಯಾಗುವ ಮೊದಲೇ ಗಟಗಟ ಕುಡಿಯುವುದು. ಮಲಗುವ ಹೊತ್ತಿಗೆ ಬೇಡ. ಮೂರು ತಿಂಗಳ ಹೊತ್ತಿಗೆ ಕೂದಲು ಉದುರಬಹುದು, ತೂಕ ನಿಂತ ಮೇಲೆ ವಾಪಸು ಬರುತ್ತದೆ. ಗೌಟ್ (ಯೂರಿಕ್ ಆಮ್ಲದಿಂದ ಬರುವ ಕೀಲುನೋವು) ಇದ್ದವರಿಗೆ ಕಾಲಿನ ಹೆಬ್ಬೆರಳು ಕೆರಳಬಹುದು.

ಬೇಗ ಇಳಿಯಲಿ ಅಂತ ನಾಲ್ಕು ಪೊಟ್ಟಣವನ್ನು ಮೂರು ಮಾಡುವ ಬುದ್ಧಿವಂತರಿದ್ದಾರೆ. ಪ್ರೋಟೀನ್ ಸಾಲದೆ ಸ್ನಾಯು ಕರಗುತ್ತದೆ. ಪಿತ್ತಕೋಶ ಖಾಲಿಯಾಗಲು ಆಹಾರದಲ್ಲಿ ಒಂದಿಷ್ಟು ಕೊಬ್ಬು ಬೇಕು, ಅದೂ ಸಿಗದಿದ್ದರೆ ಪಿತ್ತ ನಿಂತು ಕಲ್ಲು ಕಟ್ಟುವ ಸಾಧ್ಯತೆ ಏರುತ್ತದೆ. ಬಲಪಕ್ಕೆಯ ಕೆಳಗೆ ಹಿಡಿದುಕೊಂಡಂಥ ನೋವು ಬಂದರೆ ಗ್ಯಾಸ್ ಅಂತ ಸುಮ್ಮನಿರಬಾರದು.

ಈಗ 13ನೇ ವಾರ. ಇಲ್ಲಿ ಈ ಸೇವೆ ಕನ್ನಡಿಗರ ಮಟ್ಟಿಗೆ ತೆಳುವಾಗುತ್ತದೆ. ಸಾಮಾನ್ಯ ಕ್ರಮ ಅಂದರೆ ಒಂದು ಪೊಟ್ಟಣ ತೆಗೆದು ಆ ಜಾಗಕ್ಕೆ ಸುಮಾರು 400 ಕ್ಯಾಲೊರಿಯ ಒಂದು ಊಟ, ಕೆಲವು ವಾರ ಕಳೆದು ಇನ್ನೊಂದು. ಆದರೆ ಕೈಗೆ ಬರುವ ತಟ್ಟೆಯ ಚಿತ್ರಗಳಲ್ಲಿ ಹೆಚ್ಚಾಗಿ ಬೇಯಿಸಿದ ಆಲೂಗಡ್ಡೆ, ಮೀನು, ಸಲಾಡ್. ‘ಕರಿ’ ಅಂದರೆ ಉತ್ತರದ ಅಡುಗೆ. ಬಿಸಿಬೇಳೆಬಾತ್‌ನಲ್ಲಿ ತುಪ್ಪ ಎಷ್ಟು, ಕಾಯಿ ಎಷ್ಟು ಅನ್ನುವುದು ಕೋಚ್‌ಗೆ ಹೊಳೆಯುವ ಸಂಗತಿಯಲ್ಲ. ಲೆಕ್ಕ ನಾವೇ ಮಾಡಿಕೊಳ್ಳಬೇಕು. 60 ಗ್ರಾಂ ರಾಗಿಹಿಟ್ಟಿನ ಮುದ್ದೆ, ಸುಮಾರು 190. 25 ಗ್ರಾಂ ತೊಗರಿಬೇಳೆ ಹಾಕಿದ ಸೊಪ್ಪಿನ ಸಾರು, ಸೊಪ್ಪೂ ಸೇರಿ 125. ಒಗ್ಗರಣೆಗೆ ಒಂದೇ ಟೀ ಚಮಚ ಎಣ್ಣೆ, 45. 100 ಗ್ರಾಂ ಮೊಸರು ಕಡೆದ ಮಜ್ಜಿಗೆ, 60. ಒಟ್ಟು 420ರ ಆಸುಪಾಸು, ಹೊಟ್ಟೆಯೂ ತುಂಬುತ್ತದೆ. ಆದರೆ 60 ಗ್ರಾಂ ಹಿಟ್ಟಿನ ಮುದ್ದೆ ನಿಂಬೆಹಣ್ಣಿಗಿಂತ ಎಷ್ಟೋ ದೊಡ್ಡದಾದರೂ ಹಳ್ಳಿಯ ಮುದ್ದೆಗಿಂತ ಚಿಕ್ಕದು. ಕೈಯಳತೆಯಲ್ಲಿ ಕಟ್ಟಿದ ಮುದ್ದೆಗೆ 120 ಗ್ರಾಂ ಹಿಟ್ಟು ಹಿಡಿದರೆ ಮುದ್ದೆಯೊಂದೇ 390 ಆಯಿತು. ‘ರಾಗಿ ಶುಗರ್‌ಗೆ ಒಳ್ಳೇದು’ ಅನ್ನುವ ಧೈರ್ಯದಲ್ಲಿ ತೂಕ ವಾಪಸು ಬರುವುದು ಹೀಗೆ. ಅನ್ನವಾದರೆ 50 ಗ್ರಾಂ ಅಕ್ಕಿ, ಅಂದರೆ 175 ಕ್ಯಾಲೊರಿ. ಪಲ್ಯಕ್ಕೆ ಉದುರಿಸುವ 20 ಗ್ರಾಂ ಹಸಿಕಾಯಿತುರಿ 70. ಬಾಟಲಿ ಬಗ್ಗಿಸಿ ಕಣ್ಣಳತೆಯಲ್ಲಿ ಸುರಿದ ಎಣ್ಣೆ ಒಂದು ಟೇಬಲ್ ಚಮಚ ಆದರೂ 120. ಹಿಟ್ಟು, ಅಕ್ಕಿ, ಬೇಳೆಯನ್ನು ಬೇಯಿಸುವ ಮೊದಲು ತೂಗಿ. ಬೆಂದ ಮೇಲೆ ತೂಗಿದರೆ ನೀರಿನ ಭಾರ ಸೇರಿ ಲೆಕ್ಕ ಕೆಡುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಈ ಹಂತದಲ್ಲಿ ಗ್ಲುಕೋಮೀಟರ್‌ನಷ್ಟೇ ಮುಖ್ಯ.

ತೂಕ ತಿರುಗಿ ಏರಿದರೆ? ಡೈರೆಕ್ಟ್ ಪರೀಕ್ಷೆಯಲ್ಲಿ ಅದಕ್ಕೆ ದಾರಿ ಮೊದಲೇ ಬರೆದಿಟ್ಟಿದ್ದರು. 2 ಕೆ.ಜಿ.ಗಿಂತ ಹೆಚ್ಚು ಏರಿದರೆ ದಿನದ ಒಂದೆರಡು ಊಟಕ್ಕೆ ಬದಲು ಪುಡಿ, 4 ಕೆ.ಜಿ. ದಾಟಿದರೆ ಅಥವಾ ಶುಗರ್ ಮರಳಿದರೆ 2ರಿಂದ 4 ವಾರ ಪೂರ್ತಿ ಪುಡಿ. ಎನ್‌ಎಚ್‌ಎಸ್‌ನಲ್ಲೂ ಇಂಥ ನೆರವಿಗೆ ಅವಕಾಶವಿದೆ, ಆದರೆ ಅದು ಕಾರ್ಯಕ್ರಮದ ವರ್ಷದೊಳಗೆ. ಎರಡನೇ ವರ್ಷದ ಮದುವೆ ಸೀಸನ್ನಿಗೆ ಯಾರೂ ಇರುವುದಿಲ್ಲ. ಐದು ವರ್ಷದ ಅಂಕಿ ನೋಡಿದ ಮೇಲೂ ಒಂದು ವರ್ಷಕ್ಕೇ ಕೈತೊಳೆದುಕೊಳ್ಳುವುದು ನಮಗೆ ಒಪ್ಪಿಗೆಯಾಗದ ಸಂಗತಿ.

ಸಣ್ಣ ದೇಹದವರು ಇನ್ನೊಂದು ವಿಷಯ ಗಮನಿಸಬೇಕು. ಡೈರೆಕ್ಟ್‌ನಲ್ಲಿದ್ದವರು ಸರಾಸರಿ ಸುಮಾರು 100 ಕೆ.ಜಿ. ತೂಗುತ್ತಿದ್ದರು. 72 ಕೆ.ಜಿ.ಯವರು 15 ಕೆ.ಜಿ. ಇಳಿಸಬೇಕಾಗಿಲ್ಲ, ಶೇಕಡಾವಾರು ನೋಡಿದರೆ 10 ಚಿಲ್ಲರೆ ಕೆ.ಜಿ. ಆಗುತ್ತದೆ. ನ್ಯೂಕಾಸಲ್‌ನವರೇ ಬಿಎಂಐ 27ಕ್ಕಿಂತ ಕಡಿಮೆ ಇದ್ದ 20 ಮಂದಿಗೆ, ಒಂದೊಂದು ಸಲಕ್ಕೆ 5% ತೂಕದಂತೆ ಎರಡು ಮೂರು ಸುತ್ತಿನಲ್ಲಿ ಇಳಿಸಿದಾಗ 14 ಮಂದಿಗೆ ರಿಮಿಷನ್ ಸಿಕ್ಕಿತು. ತೆಳ್ಳಗಿದ್ದೂ ಹೊಟ್ಟೆ ಮಾತ್ರ ಮುಂದೆ ಬಂದಿರುವ ನಮ್ಮವರಿಗೆ ಈ ಸುತ್ತಿನ ಕ್ರಮವೇ ಹೆಚ್ಚು ಹೊಂದುತ್ತದೆ. ತೆಳ್ಳಗಿದ್ದು, ಏನೂ ಮಾಡದೆ ತೂಕ ಇಳಿಯುತ್ತಿದ್ದರೆ ಮಾತ್ರ ಪುಡಿಯ ಯೋಚನೆ ಬಿಟ್ಟು ಮೊದಲು ವೈದ್ಯರ ಹತ್ತಿರ ಹೋಗಿ. ಅದು ಟೈಪ್ 2 ಅಲ್ಲದೆಯೂ ಇರಬಹುದು.

ಕರ್ನಾಟಕದಲ್ಲಿ ಸಿಗುವ ಡಬ್ಬಿಗಳ ವಿಷಯಕ್ಕೆ ಬಂದರೆ, ‘ಡಯಾಬಿಟಿಕ್’ ಅಂತ ಬರೆದ ಪುಡಿಯೆಲ್ಲ ತೂಕ ಇಳಿಸುವ ಪುಡಿಯಲ್ಲ. ಅವುಗಳಲ್ಲಿ ಬಹಳಷ್ಟು, ಊಟ ಸೇರದವರಿಗೆ ಪೋಷಣೆ ಕೊಡಲು ಮಾಡಿದವು. 100 ಗ್ರಾಂಗೆ 400 ಕ್ಯಾಲೊರಿ ಇರುವ ಪುಡಿಯನ್ನು 50 ಗ್ರಾಂ ತೆಗೆದುಕೊಂಡು, ಲೇಬಲ್‌ನಲ್ಲಿ ನೀರು ಅಂತಿದ್ದರೂ 200 ಮಿ.ಲೀ. ಹಾಲಿಗೆ ಕಲಸಿ, ರಾತ್ರಿ ಊಟವಾದ ಮೇಲೆ ಕುಡಿದರೆ ದಿನದ ಲೆಕ್ಕಕ್ಕೆ 320ರಷ್ಟು ಹೊಸದಾಗಿ ಸೇರಿತು. ತೂಕ ಇಳಿಯುವ ಮಾತೆಲ್ಲಿ? ಕೊಳ್ಳುವ ಮೊದಲು ನೋಡಬೇಕಾದದ್ದು ಒಂದು ಹೊತ್ತಿನ ಅಳತೆಗೆ ಎಷ್ಟು ಕ್ಯಾಲೊರಿ, ಎಷ್ಟು ಪ್ರೋಟೀನ್ ಅನ್ನುವುದು. 200 ಕ್ಯಾಲೊರಿಗೆ 15ರಿಂದ 20 ಗ್ರಾಂ ಪ್ರೋಟೀನ್ ಇಲ್ಲದ, ವಿಟಮಿನ್ ಮತ್ತು ಖನಿಜಗಳ ಪಟ್ಟಿ ಇಲ್ಲದ ಪುಡಿಯನ್ನು ಊಟದ ಬದಲು ನೆಚ್ಚಿಕೊಳ್ಳಬಾರದು. ಜಿಮ್ಮಿನ ಬರೀ ಪ್ರೋಟೀನ್ ಪುಡಿಯೂ ಊಟದ ಬದಲಿಯಲ್ಲ. ಜೊತೆಗೆ ತಂಡ ಕಟ್ಟಿ, ಬೆಳಿಗ್ಗೆ ಸೇರಿಸಿ ಶೇಕ್ ಕುಡಿಸುವವರು ತೂಕ ಬರೆದುಕೊಳ್ಳುತ್ತಾರೆಯೇ ಹೊರತು ನಿಮ್ಮ ಗ್ಲಿಮಿಪಿರೈಡ್ ಬಗ್ಗೆ ಕೇಳುವುದಿಲ್ಲ.

ವೈದ್ಯರ ನಿಗಾ ಸುಲಭವಾಗಿ ಸಿಗದ ಕಡೆ ಪೂರ್ತಿ ಪುಡಿಗಿಂತ ಎರಡು ಹೊತ್ತು ಪುಡಿ, ಒಂದು ಹೊತ್ತು ಊಟ ಅನ್ನುವುದು ಸುರಕ್ಷಿತ ದಾರಿ. ಅಮೆರಿಕದಲ್ಲಿ 5,145 ಮಂದಿಯನ್ನು ಸೇರಿಸಿ ನಡೆದ ‘ಲುಕ್ ಅಹೆಡ್’ ಅಧ್ಯಯನದ ತೀವ್ರ ಗುಂಪಿನಲ್ಲಿ ಮೊದಲ ತಿಂಗಳುಗಳಲ್ಲಿ ಇದನ್ನೇ ಮಾಡಿಸಿ, ಜೊತೆಗೆ ವ್ಯಾಯಾಮ ಸೇರಿಸಿದಾಗ ಒಂದು ವರ್ಷಕ್ಕೆ ಸರಾಸರಿ 8.6% ತೂಕ ಇಳಿದಿತ್ತು. ಹಾಗೆ ಮಾಡಿದರೂ ಮಾತ್ರೆ ಕಡಿತ ವೈದ್ಯರಿಂದಲೇ ಆಗಬೇಕು.

ಇಂಗ್ಲೆಂಡಿನವರಿಗೆ ಕೊನೆಗೆ ಎರಡು ಕಚೇರಿ ವಿಷಯ. ರಿಮಿಷನ್ ಸಿಕ್ಕ ಮೇಲೆ ಜಿಪಿ ದಾಖಲೆಯಲ್ಲಿ ‘ರಿಮಿಷನ್‌ನಲ್ಲಿದೆ’ ಅಂತ ನಮೂದಾಗಬೇಕು, ‘ಕಾಯಿಲೆ ಮುಗಿದಿದೆ’ ಅಂತಲ್ಲ. ‘ಮುಗಿದಿದೆ’ ಅಂತ ನಮೂದಾದರೆ ರೆಟಿನಾ ತಪಾಸಣೆಯ ಕರೆ ಬರುವುದು ನಿಂತುಹೋಗಬಹುದು, ಅದೂ ಪಾದದ ತಪಾಸಣೆಯೂ ವರ್ಷದ ಎಚ್‌ಬಿಎ1ಸಿಯೂ ಮುಂದುವರಿಯಲೇಬೇಕು. ಇನ್ನೊಂದು, ಶುಗರ್ ಮಾತ್ರೆ ಇರುವವರಿಗೆ ಸಿಗುವ ಉಚಿತ ಔಷಧಿಯ ಪ್ರಮಾಣಪತ್ರ ಬರೀ ಪಥ್ಯದಲ್ಲಿರುವವರಿಗೆ ಸಲ್ಲುವುದಿಲ್ಲ. ಬಿಪಿ, ಕೊಲೆಸ್ಟ್ರಾಲ್ ಮಾತ್ರೆಗೆ ಅದನ್ನೇ ತೋರಿಸುತ್ತಿದ್ದರೆ ಮುಂದೆ ದಂಡದ ನೋಟಿಸು ಬರಬಹುದು, 60 ದಾಟದವರು ಔಷಧಿ ಅಂಗಡಿಯಲ್ಲಿ ಮೊದಲೇ ಕೇಳಿಕೊಳ್ಳಲಿ.